ನಂದಿಬೆಟ್ಟದ ಅತಿಥಿ ಮತ್ತು ಬೀಡಿಯ ಹೊಗೆ

ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳ ಕಡೆಯಿಂದ ನೋಡಿದರೂ, ದೇವನಹಳ್ಳಿಯ ದ್ರಾಕ್ಷಿ ತೋಟಗಳ ಕಡೆಯಿಂದ ನೋಡಿದರೂ, ಮುಂಜಾನೆಯ ಮಂಜು ಸರಿದೊಡನೆ ನಂದಿಬೆಟ್ಟ ಕಣ್ಣಿಗೆ ಬೀಳುತ್ತದೆ. ಆ ಬೆಟ್ಟದ ಮೇಲೆ ಮಹಾತ್ಮ ಗಾಂಧಿಯವರು ಎರಡು ಬಾರಿ ತಂಗಿದ್ದರೆಂಬುದನ್ನು ಈ ಸೀಮೆಯ ಹಿರಿಯರು ಬಲ್ಲರು. 1927ರ ಮಾರ್ಚ್‌ನಲ್ಲಿ ಸತತ ಪ್ರವಾಸದಿಂದ ರಕ್ತದೊತ್ತಡ ಏರಿ ಕುಸಿದಿದ್ದ ಅವರನ್ನು ವಿಶ್ರಾಂತಿಗಾಗಿ ಏಪ್ರಿಲ್‌ನಲ್ಲಿ ಇಲ್ಲಿಗೆ ಕರೆತರಲಾಯಿತು. 1936ರ ಮೇ ತಿಂಗಳಲ್ಲಿ ಮತ್ತೊಮ್ಮೆ ಬಂದರು. ಮೊದಲ ಬಾರಿ ಬಂದಾಗ ಅವರ ಆತ್ಮಕಥೆ ‘ನವಜೀವನ’ ಪತ್ರಿಕೆಯಲ್ಲಿ ವಾರವಾರವೂ ಪ್ರಕಟವಾಗುತ್ತಿತ್ತು. ತಾನು ಬಾಲ್ಯದಲ್ಲಿ ಕದ್ದು ಬೀಡಿ ಸೇದಿದ್ದನ್ನು ಇಡೀ ದೇಶಕ್ಕೆ ಆ ಹೊತ್ತಿಗಾಗಲೇ ಅವರು ತಿಳಿಸಿಯಾಗಿತ್ತು.

ಪ್ರಿಯ ವಾಚಕರೇ, ಪ್ರತಿ ವರ್ಷ ತಪಸ್ಸುಕಾಲ ಆರಂಭವಾದಾಗ ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟೋ ಮಂದಿ ಬೀಡಿ ಸಿಗರೇಟನ್ನು ತ್ಯಜಿಸುತ್ತಾರೆ. ನಲವತ್ತು ದಿನ ಯಾರಿಗೂ ಹೇಳದೆ ಹಲ್ಲುಕಚ್ಚಿ ಸಹಿಸುತ್ತಾರೆ. ಪಾಸ್ಕ ಹಬ್ಬದ ಸಂಜೆಗೆ ಅದೇ ಕೈ ಅದೇ ಜೇಬಿಗೆ ಹೋಗುತ್ತದೆ. ಅವರ ಸಂಕಲ್ಪದಲ್ಲಿ ಕಪಟವಿತ್ತೆಂದು ನಾನು ಹೇಳಲಾರೆ. ಆದರೆ ಅವರು ಒಬ್ಬರೇ ಹೋರಾಡಿದರು. ಗಾಂಧಿಯವರ ಬಾಳನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಬೇಕೆನಿಸಿತು.

ಮೋಹನದಾಸರು ಹುಟ್ಟಿದ್ದು 1869ರ ಅಕ್ಟೋಬರ್ 2ರಂದು, ಪೋರಬಂದರಿನಲ್ಲಿ. ತಂದೆ ಕರಮಚಂದರು ದಿವಾನರು. ತಾಯಿ ಪುತಲೀಬಾಯಿ ವ್ರತನಿಷ್ಠೆಯುಳ್ಳವರು. ಕುಟುಂಬವು ರಾಜಕೋಟೆಗೆ ಬಂದ ಕೆಲವು ವರ್ಷಗಳ ಮೇಲೆ, ಸುಮಾರು ಹನ್ನೆರಡು ಹದಿಮೂರರ ಪ್ರಾಯದಲ್ಲಿ, ಬಂಧುಗಳಲ್ಲೊಬ್ಬ ಹುಡುಗನ ಜೊತೆ ಸೇರಿ ಬಾಲಕನಿಗೆ ಧೂಮಪಾನದ ಹುಚ್ಚು ಹಿಡಿಯಿತು. ಅದರಲ್ಲಿ ರುಚಿಯಾಗಲಿ ಪರಿಮಳವಾಗಲಿ ಇತ್ತೆಂದಲ್ಲ. ಬಾಯಿಂದ ಹೊಗೆ ಬಿಡುವುದೇ ಒಂದು ಮೋಜು. ಚಿಕ್ಕಪ್ಪ ಸೇದಿ ಎಸೆದ ತುಂಡುಗಳನ್ನು ಹೆಕ್ಕಿ ಹಚ್ಚಿದರು. ತುಂಡುಗಳು ಸಾಲದಾದಾಗ ಮನೆಯ ಆಳಿನ ಜೇಬಿನಿಂದ ಕಾಸು ಕದ್ದು ಬೀಡಿ ಕೊಂಡರು. ಅದೂ ಸಿಗದ ದಿನ ಯಾವುದೋ ಗಿಡದ ಟೊಳ್ಳು ದಂಟನ್ನೇ ಸೇದಿ ನೋಡಿದರು.

ಇಲ್ಲಿ ನನಗೆ ಸಂತ ಆಗಸ್ಟೀನರು ನೆನಪಾಗುತ್ತಾರೆ. ಬಾಲ್ಯದಲ್ಲಿ ಪೇರು ಹಣ್ಣು ಕದ್ದ ಪ್ರಸಂಗವನ್ನು ವಿಮರ್ಶಿಸುತ್ತಾ, ತಾನು ಒಬ್ಬನೇ ಆಗಿದ್ದರೆ ಆ ಕೆಲಸಕ್ಕೆ ಕೈಹಾಕುತ್ತಿರಲಿಲ್ಲವೆಂದು ಅವರು ಕಂಡುಕೊಂಡರು. ದುಶ್ಚಟಕ್ಕೆ ಜೊತೆ ಬೇಕು. ನಮ್ಮ ಅರಳೀಕಟ್ಟೆಗಳಲ್ಲಿ ಒಂದೇ ಕಡ್ಡಿಯ ಬೆಂಕಿಯಲ್ಲಿ ಮೂರು ಬೀಡಿ ಹೊತ್ತುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಹಿಡಿಸುವಾಗ ನಾಲ್ವರಿರುತ್ತಾರೆ, ಬಿಡುವಾಗ ಮಾತ್ರ ಮನುಷ್ಯ ಒಂಟಿಯಾಗಿಬಿಡುತ್ತಾನೆ.

ಕದ್ದುಮುಚ್ಚಿ ಸೇದುವ ಬಾಳು ಆ ಇಬ್ಬರು ಹುಡುಗರಿಗೆ ಬೇಸರ ತಂದಿತು. ಹಿರಿಯರ ಅಪ್ಪಣೆಯಿಲ್ಲದೆ ಏನನ್ನೂ ಮಾಡಲಾಗದ ಈ ಪರಾಧೀನತೆಗಿಂತ ಸಾವೇ ಲೇಸೆಂದು ನಿಶ್ಚಯಿಸಿ, ಕಾಡಿಗೆ ಹೋಗಿ ದತ್ತೂರಿ ಬೀಜ ತಂದರು. ಸಂಜೆ ಕೇದಾರಜಿಯ ಗುಡಿಯಲ್ಲಿ ದೀಪಕ್ಕೆ ತುಪ್ಪ ಎರೆದು, ದರ್ಶನ ಮಾಡಿ, ಏಕಾಂತ ಸ್ಥಳ ಹುಡುಕಿದರು. ಎರಡು ಮೂರು ಬೀಜ ನುಂಗುವಷ್ಟರಲ್ಲಿ ಧೈರ್ಯ ಉಡುಗಿತು. ಮನಸ್ಸನ್ನು ಸಮಾಧಾನಪಡಿಸಿಕೊಳ್ಳಲು ರಾಮಜಿ ಮಂದಿರಕ್ಕೆ ಹೋದರು. ತುಂಡು ಸೇದುವುದೂ ಕಾಸು ಕದಿಯುವುದೂ ಅಂದಿಗೆ ನಿಂತವು. ದೊಡ್ಡವನಾದ ಮೇಲೆ ಅದರ ಬಯಕೆಯೇ ತನಗೆ ಹುಟ್ಟಲಿಲ್ಲವೆಂದು ಅವರು ಬರೆದಿದ್ದಾರೆ.

ಮೂವತ್ತು ವರ್ಷ ಸೇದಿದವರು ಇದನ್ನು ಓದಿ ನಿರಾಶರಾಗಬೇಕಿಲ್ಲ. ಆ ಬಾಲಕನಲ್ಲಿ ಚಟ ಆಳಕ್ಕೆ ಬೇರುಬಿಟ್ಟಿರಲಿಲ್ಲ. ನಿಕೋಟಿನ್ ಒಮ್ಮೆ ಮೆದುಳನ್ನು ಪಳಗಿಸಿದ ಮೇಲೆ, ಬಿಟ್ಟ ಮೊದಲ ಕೆಲವು ದಿನಗಳು ಬಲು ಕಠಿಣ: ಸಿಡುಕು, ನಿದ್ರೆಗೇಡು, ಕಡುಬಯಕೆ. ಇದನ್ನು ಬರಿಯ ಮನೋದೌರ್ಬಲ್ಯವೆಂದು ಕರೆಯುವುದು ಅನ್ಯಾಯ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕೆಂದೇ ವೈದ್ಯಕೀಯ ನೆರವುಂಟು, ದೂರವಾಣಿಯ ಮೂಲಕ ಸಲಹೆಯೂ ಉಂಟು.

ಗಾಂಧಿಯವರ ಬಾಳಿನ ನಿಜವಾದ ತಿರುವು ಬಂದದ್ದು ಹದಿನೈದನೆಯ ವಯಸ್ಸಿನಲ್ಲಿ. ಅಣ್ಣನಿಗೆ ಸುಮಾರು ಇಪ್ಪತ್ತೈದು ರೂಪಾಯಿ ಸಾಲವಾಗಿತ್ತು. ಅದನ್ನು ತೀರಿಸಲು ಅವನ ತೋಳಿನ ಚಿನ್ನದ ಕಡಗದಿಂದಲೇ ಒಂದು ಚೂರನ್ನು ಕತ್ತರಿಸಿದ್ದಾಯಿತು. ಸಾಲ ತೀರಿತು, ಆದರೆ ಮನಸ್ಸಿನ ಭಾರ ಇಳಿಯಲಿಲ್ಲ. ಇನ್ನು ಕದಿಯುವುದಿಲ್ಲವೆಂದು ತನ್ನಲ್ಲೇ ನಿಶ್ಚಯಿಸಿಕೊಂಡರೆ ಸಾಕಿತ್ತಲ್ಲವೇ? ಸಾಲದೆಂದು ಆ ಹುಡುಗನಿಗೆ ತೋರಿತು. ಎದುರು ನಿಂತು ನುಡಿಯುವ ಧೈರ್ಯವಿಲ್ಲದೆ ಚೀಟಿ ಬರೆದು, ತನಗೆ ತಕ್ಕ ಶಿಕ್ಷೆ ವಿಧಿಸಬೇಕೆಂದೂ, ತನ್ನ ತಪ್ಪಿಗಾಗಿ ತಂದೆ ತಮ್ಮನ್ನು ತಾವೇ ದಂಡಿಸಿಕೊಳ್ಳಬಾರದೆಂದೂ ಬೇಡಿ, ಮುಂದೆಂದೂ ಕದಿಯುವುದಿಲ್ಲವೆಂದು ಮಾತು ಕೊಟ್ಟ. ತಂದೆ ಕಾಯಿಲೆಯಿಂದ ಹಲಗೆಯ ಮೇಲೆ ಮಲಗಿದ್ದರು. ಎದ್ದು ಕುಳಿತು ಓದಿದರು. ಕಣ್ಣೀರು ಚೀಟಿಯನ್ನು ತೋಯಿಸಿತು. ಒಂದು ಕ್ಷಣ ಕಣ್ಣುಮುಚ್ಚಿ ಯೋಚಿಸಿ, ಚೀಟಿಯನ್ನು ಹರಿದುಹಾಕಿ, ಮತ್ತೆ ಮಲಗಿದರು. ಬೈಗುಳವಿಲ್ಲ, ಉಪದೇಶವಿಲ್ಲ. ಪಾಪನಿವೇದನೆ ಸಂಸ್ಕಾರದ ಕುರಿತು ಸೆಮಿನರಿಯಲ್ಲಿ ನಾನು ಅನೇಕ ಗ್ರಂಥಗಳನ್ನು ಓದಿದೆ. ಕ್ಷಮೆ ಎಂದರೇನೆಂಬುದನ್ನು ಇಷ್ಟು ಸ್ವಲ್ಪದರಲ್ಲಿ ತೋರಿಸಿದ್ದು ಯಾವುದೂ ನೆನಪಿಲ್ಲ.

ಅಲ್ಲಿಂದ ಮುಂದೆ ಯಾವ ತ್ಯಾಗವನ್ನೂ ಅವರು ಗುಟ್ಟಾಗಿ ಕೈಗೊಂಡಂತೆ ಕಾಣುವುದಿಲ್ಲ. 1888ರಲ್ಲಿ ಲಂಡನ್ನಿಗೆ ಹೊರಡುವ ಮುನ್ನ, ಮದ್ಯ ಮಾಂಸ ಪರಸ್ತ್ರೀಯರಿಂದ ದೂರವಿರುವೆನೆಂದು ಜೈನ ಸಾಧು ಬೇಚರಜಿಯವರ ಮುಂದೆ ತಾಯಿಗಾಗಿ ಪ್ರತಿಜ್ಞೆ ಮಾಡಿದರು. ಆ ತಾಯಿಯ ನೆನಪೇ ದೂರದೇಶದಲ್ಲಿ ಕಾವಲಾಯಿತು. 1910ರಲ್ಲಿ ಗೆಳೆಯ ಕಾಲೆನ್‌ಬಾಕ್ ಸತ್ಯಾಗ್ರಹಿಗಳಿಗೆ ಬಿಟ್ಟುಕೊಟ್ಟ ಸುಮಾರು 1,100 ಎಕರೆ ಜಮೀನಿನಲ್ಲಿ, ಜೋಹಾನ್ಸ್‌ಬರ್ಗಿನಿಂದ 21 ಮೈಲಿ ದೂರದಲ್ಲಿ, ಟಾಲ್‌ಸ್ಟಾಯ್ ಫಾರ್ಮ್ ಆರಂಭವಾಯಿತು. ಅಲ್ಲಿ ಮದ್ಯವೂ ಇಲ್ಲ, ಹೊಗೆಸೊಪ್ಪೂ ಇಲ್ಲ. ಹಿಂದೂ, ಮುಸ್ಲಿಂ, ಕ್ರೈಸ್ತ, ಪಾರಸಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಂಡು, ಸ್ವಂತ ಕೆಲಸಕ್ಕೆ ಪಟ್ಟಣಕ್ಕೆ ಹೋಗಬೇಕಾದರೆ ಜೊತೆಗೂಡಿ ನಡೆದೇ ಹೋಗುತ್ತಿದ್ದರು. ಒಬ್ಬೊಬ್ಬರಿಗೆ ಅಸಾಧ್ಯವಾದದ್ದು ಒಂದು ಬಳಗಕ್ಕೆ ದಿನಚರಿಯಾಗಿಬಿಡುತ್ತದೆ. ಹಾಲನ್ನು ಬಿಟ್ಟಾಗಲೂ ಗಾಂಧಿ ಮತ್ತು ಕಾಲೆನ್‌ಬಾಕ್ ಜೊತೆಯಾಗಿಯೇ ಬಿಟ್ಟರು.

ಕಥೆ ಇಲ್ಲಿಗೆ ಮುಗಿದಿದ್ದರೆ ಬರೆಯುವುದು ಸುಲಭವಿತ್ತು. ಹಿರಿಯ ಮಗ ಹರಿಲಾಲರು ದಕ್ಷಿಣ ಆಫ್ರಿಕದಲ್ಲಿ ತಂದೆಯ ಹೋರಾಟಕ್ಕಾಗಿ ಹಲವು ಬಾರಿ ಸೆರೆಮನೆ ಸೇರಿ ಚಿಕ್ಕ ಗಾಂಧಿ ಎನಿಸಿಕೊಂಡವರು. ಓದಲು ವಿಲಾಯತಿಗೆ ಹೋಗುವ ಅವರ ಆಸೆ ಈಡೇರಲಿಲ್ಲ. ಆ ಅವಕಾಶ ತಂದೆಯ ತೀರ್ಮಾನದಂತೆ ಬೇರೆಯವರಿಗೆ ಹೋಯಿತು. 1918ರಲ್ಲಿ ಪತ್ನಿ ತೀರಿಹೋದರು. ಕ್ರಮೇಣ ಮದ್ಯಪಾನಕ್ಕೆ ಬಲಿಯಾದರು. 1936ರ ಮೇ ಕೊನೆಯಲ್ಲಿ, ತಂದೆ ನಮ್ಮ ನಂದಿಬೆಟ್ಟದ ವಿಶ್ರಾಂತಿ ಮುಗಿಸುತ್ತಿದ್ದ ದಿನಗಳಲ್ಲೇ, ಮಗ ಮತಾಂತರಗೊಂಡ ಸುದ್ದಿ ಬಂತು. ಜೂನ್ ಆರಂಭದಲ್ಲಿ ಬೆಂಗಳೂರಿನಿಂದ ಗಾಂಧಿಯವರು ಬಹಿರಂಗ ಹೇಳಿಕೆ ನೀಡಿದರು. ಹೃದಯಪೂರ್ವಕವಾದ ಮತಾಂತರಕ್ಕೆ ತಮ್ಮ ಆಕ್ಷೇಪವಿಲ್ಲ, ಆದರೆ ಮಗನ ಕುಡಿತ ಬಿಟ್ಟಿಲ್ಲವೆಂಬುದೇ ತಮ್ಮ ಸಂಕಟ ಎಂಬುದು ಅದರ ತಾತ್ಪರ್ಯ.

ಇಲ್ಲಿ ನನ್ನ ಅಭಿಪ್ರಾಯವನ್ನು ಅಂಜುತ್ತಲೇ ಹೇಳುತ್ತೇನೆ. ತನ್ನ ತಂದೆ ಚೀಟಿಯನ್ನು ಹರಿದುಹಾಕಿದ್ದರಿಂದ ಬದುಕಿಕೊಂಡ ಬಾಲಕ, ತಾನು ತಂದೆಯಾದಾಗ ಮಗನ ತಪ್ಪನ್ನು ಪತ್ರಿಕೆಗೆ ಬರೆದರು. ಸತ್ಯನಿಷ್ಠೆಯಿಂದಲೇ ಬರೆದರು. ಆದರೂ ಆ ಸತ್ಯ ಹರಿಲಾಲರಿಗೆ ಆಸರೆಯಾಗಲಿಲ್ಲ. ನಮ್ಮ ಮನೆಗಳಲ್ಲಿ ಸೇದುವ ಗಂಡನನ್ನೋ ಮಗನನ್ನೋ ನೆಂಟರ ಮುಂದೆ ಹೀಯಾಳಿಸಿದಾಗಲೂ ಹೀಗೆಯೇ ಆಗುತ್ತದೆ. ಆತ ಬೀಡಿಯನ್ನು ಬಿಡುವುದಿಲ್ಲ, ಮನೆಯವರ ಎದುರು ಸೇದುವುದನ್ನು ಬಿಡುತ್ತಾನೆ.

ಜೀವನಚರಿತ್ರೆಕಾರರು ಒಂದು ಪ್ರಸಂಗವನ್ನು ಹೇಳುತ್ತಾರೆ. ಒಮ್ಮೆ ಕಟನೀ ರೈಲು ನಿಲ್ದಾಣದಲ್ಲಿ ಜನ ಗಾಂಧಿಯವರಿಗೆ ಜಯಕಾರ ಹಾಕುತ್ತಿದ್ದಾಗ, ಗುಂಪಿನಲ್ಲಿ ಒಂದೇ ಒಂದು ದನಿ ಕಸ್ತೂರಬಾ ಅವರಿಗೆ ಜಯಕಾರ ಹಾಕಿತು. ಹರಿದ ಬಟ್ಟೆಯಲ್ಲಿ ಹರಿಲಾಲರು ನಿಂತಿದ್ದರು. ಜೇಬಿನಿಂದ ಒಂದು ಕಿತ್ತಳೆ ಹಣ್ಣು ತೆಗೆದು ತಾಯಿಗೆ ಕೊಟ್ಟರು. ತಮಗೇನೂ ಇಲ್ಲವೇ ಎಂದು ತಂದೆ ಕೇಳಿದಾಗ, ಅದು ತಾಯಿಗೆ ಮಾತ್ರವೆಂದರು. ನಮ್ಮ ಜೊತೆ ಬಂದುಬಿಡು ಎಂದು ತಾಯಿ ಬೇಡಿದರು. ತಾನು ಬಹುದೂರ ಹೋಗಿಬಿಟ್ಟಿರುವೆನೆಂದು ಮಗ ಒಪ್ಪಲಿಲ್ಲ. ಅವನಿಗೆ ತಿನ್ನಲು ಏನಾದರೂ ಕೊಡಬೇಕಿತ್ತೆಂದು ತಾಯಿಗೆ ಹೊಳೆದು, ಬುಟ್ಟಿಯಲ್ಲಿದ್ದ ಹಣ್ಣಿಗೆ ಕೈಹಾಕುವಷ್ಟರಲ್ಲಿ ರೈಲು ಹೊರಟಿತ್ತು.