ಯಾಸ್ನಾಯ ಪೊಲ್ಯಾನದ ಉಪಾಧ್ಯಾಯ

‘ಯುದ್ಧ ಮತ್ತು ಶಾಂತಿ’ ಎಂಬ ಮಹಾಕಾದಂಬರಿಯನ್ನು ರಷ್ಯದ ಸೆರ್ಗೆಯ್ ಬೊಂದಾರ್ಚುಕರು 1966-67ರಲ್ಲಿ ನಾಲ್ಕು ಭಾಗಗಳ ಚಲಚ್ಚಿತ್ರವಾಗಿ ತೆರೆಗೆ ತಂದರು. ಅದರಲ್ಲಿಯ ಬೊರೊದಿನೊ ರಣಾಂಗಣದ ಘೋರವನ್ನೂ ಅರಮನೆಗಳ ನೃತ್ಯವೈಭವವನ್ನೂ ಕಂಡು ಬೆರಗಾದವರು ಅಸಂಖ್ಯರು. ಆ ಕೃತಿಯ ಕರ್ತೃ ರೈತಮಕ್ಕಳಿಗೆ ಅಕ್ಷರ ತಿದ್ದಿಸಿದ ಉಪಾಧ್ಯಾಯನೆಂಬುದನ್ನು ಬಲ್ಲವರು ವಿರಳ.

ಟಾಲ್‌ಸ್ಟಾಯ್ ಅವರು 1828ರಲ್ಲಿ ಯಾಸ್ನಾಯ ಪೊಲ್ಯಾನವೆಂಬ ಜಹಗೀರಿನಲ್ಲಿ ಶ್ರೀಮಂತ ಮನೆತನದಲ್ಲಿ ಜನಿಸಿದರು. ಎರಡು ತುಂಬುವ ಮೊದಲೇ ತಾಯಿಯನ್ನು, 1837ರಲ್ಲಿ ತಂದೆಯನ್ನು ಕಳೆದುಕೊಂಡರು. ವಿಶ್ವವಿದ್ಯಾಲಯದ ವ್ಯಾಸಂಗ ಅರ್ಧಕ್ಕೇ ನಿಂತಿತು. ಯೌವನವನ್ನು ಜೂಜು ನುಂಗಿತು. ಹುಟ್ಟಿದ ಮನೆಯೇ ಮಾರಾಟವಾಗಿ, ಕೊಂಡವನು ಅದನ್ನು ಕಳಚಿ ಸಾಗಿಸಿದನು. ಸೆವಾಸ್ತೊಪೋಲಿನ ಮುತ್ತಿಗೆಯಲ್ಲಿ ಫಿರಂಗಿದಳದ ಅಧಿಕಾರಿಯಾಗಿದ್ದಾಗ ಯುದ್ಧದ ನಿಜರೂಪ ಅವರಿಗೆ ಗೋಚರಿಸಿತು.

1859ರಲ್ಲಿ ಸ್ವಗ್ರಾಮದಲ್ಲಿ ಶಾಲೆ ತೆರೆದರು. ಅಲ್ಲಿ ಬೆತ್ತವಿರಲಿಲ್ಲ, ಶುಲ್ಕವಿರಲಿಲ್ಲ, ಮನೆಪಾಠದ ಹೊರೆಯಿರಲಿಲ್ಲ. ಮನಸ್ಸಿಲ್ಲದ ಬಾಲಕನು ಎದ್ದು ಹೋಗಬಹುದಾಗಿತ್ತು! ಅನ್ಯದೇಶಗಳ ಶಾಲೆಗಳನ್ನು ಕಣ್ಣಾರೆ ಕಾಣಲು ಯುರೋಪನ್ನೇ ಸುತ್ತಿಬಂದರು. 1862ರಲ್ಲಿ ಅವರಿಲ್ಲದ ವೇಳೆ ಪೊಲೀಸರು ಮನೆಯನ್ನೂ ಶಾಲೆಯನ್ನೂ ಶೋಧಿಸಿದರು. ಅಕ್ಷರವು ಪ್ರಭುತ್ವಕ್ಕೆ ಭಯ ಹುಟ್ಟಿಸುವುದು ಹೊಸತೇನಲ್ಲ. ಮುಂದೆ 1872ರಲ್ಲಿ ಮಕ್ಕಳಿಗಾಗಿ ವರ್ಣಮಾಲೆಯ ಪುಸ್ತಕವನ್ನೂ ರಚಿಸಿದರು.

1862ರಲ್ಲಿಯೇ ಸೋಫಿಯಾರನ್ನು ವರಿಸಿದರು. ಹದಿಮೂರು ಮಕ್ಕಳನ್ನು ಹೆತ್ತ ಆ ಸಾಧ್ವಿ, ಪತಿಯ ಗಜಿಬಿಜಿ ಹಸ್ತಪ್ರತಿಯನ್ನು ಮತ್ತೆ ಮತ್ತೆ ಶುದ್ಧಪ್ರತಿ ಮಾಡಿದ್ದರಿಂದಲೇ ಆ ಮಹಾಕೃತಿ 1869ರಲ್ಲಿ ಪೂರ್ಣಗೊಂಡಿತು. ‘ಅನ್ನಾ ಕರೆನಿನಾ’ದ ತರುವಾಯ ಟಾಲ್‌ಸ್ಟಾಯ್ ಅವರಿಗೆ ಸಂಪತ್ತು ಪಾಪವೆನಿಸಿತು. ರೈತರೊಡನೆ ಉತ್ತರು, ಪಾದರಕ್ಷೆ ಹೊಲಿದರು, 1891-92ರ ಕ್ಷಾಮದಲ್ಲಿ ಗಂಜಿಕೇಂದ್ರಗಳನ್ನು ನಡೆಸಿದರು. ಆಸ್ತಿಯನ್ನು ಹೆಂಡತಿ-ಮಕ್ಕಳಿಗೆ ಹಂಚಿ, 1881ರ ಬಳಿಕ ಬರೆದ ಕೃತಿಗಳ ಹಕ್ಕನ್ನು ಬಿಟ್ಟುಕೊಟ್ಟರು. ಯುದ್ಧ ಒಲ್ಲೆವೆಂದು ಹಿಂಸೆಗೊಳಗಾದ ದುಖೊಬೋರ್ ಪಂಥೀಯರನ್ನು ಕೆನಡಕ್ಕೆ ಕಳುಹಿಸಲು ಮಾತ್ರ ‘ಪುನರುತ್ಥಾನ’ ಕಾದಂಬರಿಯ ಹಣವನ್ನು ಪಡೆದರು. ತ್ಯಾಗ ಅವರದಾದರೆ ಸಂಸಾರದ ಭಾರ ಸೋಫಿಯಾರದು. ಆಕೆಯ ಆಕ್ಷೇಪವನ್ನು ಕೇವಲ ಲೋಭವೆನ್ನುವುದು ನ್ಯಾಯವಲ್ಲ.

ಗಾಂಧೀಜಿಯವರು ಅವರೊಡನೆ ಪತ್ರವ್ಯವಹಾರ ನಡೆಸಿದರು. 1910ರಲ್ಲಿ ಜೋಹಾನ್ಸ್‌ಬರ್ಗ್ ಸಮೀಪದ ಗಾಂಧೀಜಿಯವರ ಆಶ್ರಮಕ್ಕೆ ಟಾಲ್‌ಸ್ಟಾಯ್ ಅವರ ಹೆಸರನ್ನೇ ಇಡಲಾಯಿತು. ಹಿಂಸೆಗೆ ಪ್ರತಿಹಿಂಸೆಯಿಲ್ಲದ ಪ್ರತಿರೋಧವೆಂಬ ಆ ವಿಚಾರ ಗಾಂಧೀಜಿಯವರ ಸತ್ಯಾಗ್ರಹದೊಡನೆ ಮಲೆನಾಡನ್ನೂ ತಲುಪಿತು. 1932ರಲ್ಲಿ ಸಿದ್ದಾಪುರ, ಶಿರಸಿ ಸೀಮೆಯ ಕರನಿರಾಕರಣೆಯಲ್ಲಿ ರೈತರ ಅಡಕೆ ತೋಟಗಳು ಜಪ್ತಿಯಾದವು. ಮಾವಿನಗುಂಡಿಯಲ್ಲಿ ಮಹಿಳೆಯರು ಜಪ್ತಿಯ ಆಸ್ತಿ ಕೊಂಡವರ ಮನೆಯೆದುರು ಉಪವಾಸ ಕುಳಿತರು. ಅವರಲ್ಲಿ ಟಾಲ್‌ಸ್ಟಾಯ್ ಹೆಸರನ್ನು ಕೇಳಿದ್ದವರೆಷ್ಟು ಮಂದಿಯೋ!

1910ರ ನವೆಂಬರಿನ ಒಂದು ನಸುಕಿನಲ್ಲಿ, ಎಂಬತ್ತೆರಡರ ಆ ವೃದ್ಧರು ವೈದ್ಯನೊಬ್ಬನೊಡನೆ ಮನೆ ತೊರೆದರು. ಹಾದಿಯಲ್ಲಿ ಜ್ವರವೇರಿ ಅಸ್ತಾಪೊವೊ ರೈಲುನಿಲ್ದಾಣದ ಅಧಿಕಾರಿಯ ಮನೆಯಲ್ಲಿ ಮಲಗಿದರು. ಧಾವಿಸಿ ಬಂದ ಸೋಫಿಯಾರನ್ನು, ಪತಿಗೆ ಪ್ರಜ್ಞೆ ತಪ್ಪುವವರೆಗೆ ಒಳಗೆ ಬಿಡಲಿಲ್ಲ. ಆಕೆ ಕಿಟಕಿಯ ಹೊರಗೆ ನಿಂತಿದ್ದರು. ನವೆಂಬರ್ 20ರಂದು ಅವರು ದೇಹವಿಟ್ಟರು. ಯಾಸ್ನಾಯ ಪೊಲ್ಯಾನದ ಕಾಡಿನಲ್ಲಿರುವ ಸಮಾಧಿಗೆ ಶಿಲುಬೆಯಿಲ್ಲ, ಕಲ್ಲಿಲ್ಲ, ಹೆಸರಿಲ್ಲ. ಹುಲ್ಲು ಹೊದ್ದ ಮಣ್ಣಿನ ದಿಬ್ಬವೊಂದಿದೆ.