ಹೃದಯಕ್ಕೊಂದು ದಾರಿ

ಹುಟ್ಟಿದಂದಿನಿಂದ ಕೊನೆಯುಸಿರಿನವರೆಗೆ ಒಂದು ಗಳಿಗೆಯೂ ಬಿಡುವು ಬೇಡದೆ ದುಡಿಯುವ ಅಂಗ ಹೃದಯ. ಮುಷ್ಟಿಯಷ್ಟೇ ಗಾತ್ರದ ಈ ಸ್ನಾಯುವಿನ ಚೀಲ ನಿಮಿಷಕ್ಕೆ ಸುಮಾರು 70 ಬಾರಿ ಮಿಡಿದು ದೇಹದ ಮೂಲೆಮೂಲೆಗೂ ರಕ್ತವನ್ನು ಕಳುಹಿಸುತ್ತದೆ. ಜೀವದ ನೆಲೆಯೇ ಆದ ಈ ಅಂಗವನ್ನು ಮುಟ್ಟಲು ವೈದ್ಯರು ಶತಮಾನಗಳ ಕಾಲ ಅಂಜಿದರು. ಹೃದಯಕ್ಕೆ ಗಾಯವಾದರೆ ರಕ್ತ ಹರಿದು ಪ್ರಾಣ ಹೋಗುವುದು ಖಚಿತವೆಂದೇ ಅವರು ನಂಬಿದ್ದರು. 1896ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಲುಡ್ವಿಗ್ ರೇನ್ ಎಂಬ ಶಸ್ತ್ರವೈದ್ಯನು ಇರಿತಕ್ಕೆ ಸಿಕ್ಕ ಹೃದಯಕ್ಕೆ ಹೊಲಿಗೆ ಹಾಕಿ, ರಕ್ತಸ್ರಾವವನ್ನು ನಿಲ್ಲಿಸಿ, ರೋಗಿಯನ್ನು ಉಳಿಸಿಕೊಂಡನು. ಆ ನಂಬಿಕೆ ಅಂದು ಸಡಿಲವಾಯಿತು. ಆದರೂ ಹೃದಯವನ್ನು ತಲುಪಲು ಎದೆಯನ್ನು ಸೀಳಬೇಕು, ಇಲ್ಲವೇ ಚುಚ್ಚಬೇಕು ಎಂಬ ಸ್ಥಿತಿ ಹಾಗೆಯೇ ಉಳಿಯಿತು. ಸೀಳದೆ, ಚುಚ್ಚದೆ ಹೃದಯದ ಒಳಕ್ಕೆ ಹೋಗುವ ದಾರಿಯೊಂದಿದೆ ಎಂಬುದನ್ನು ತನ್ನ ದೇಹವನ್ನೇ ಪಣವಾಗಿಟ್ಟು ತೋರಿಸಿದವನು ವರ್ನರ್ ಫೋರ್ಸ್‌ಮನ್.

ಫೋರ್ಸ್‌ಮನ್ನನು 1904ರ ಆಗಸ್ಟ್ 29ರಂದು ಜರ್ಮನಿಯ ರಾಜಧಾನಿ ಬರ್ಲಿನ್ನಿನಲ್ಲಿ ಜನಿಸಿದನು. ತಂದೆ ಜೂಲಿಯಸ್ ವಕೀಲ. ಮೊದಲನೆಯ ಮಹಾಯುದ್ಧದಲ್ಲಿ, 1916ರಲ್ಲಿ, ಆತ ಮಡಿದನು. ಆಗ ಬಾಲಕನಿಗೆ ಇನ್ನೂ ಹನ್ನೆರಡು ವರ್ಷ ತುಂಬುವ ಕಾಲ. ಕಷ್ಟದ ದಿನಗಳಲ್ಲಿಯೂ ಅವನ ವಿದ್ಯಾಭ್ಯಾಸ ನಿಲ್ಲಲಿಲ್ಲ. 1922ರಲ್ಲಿ ಬರ್ಲಿನ್ ವಿಶ್ವವಿದ್ಯಾನಿಲಯವನ್ನು ಸೇರಿ ವೈದ್ಯಶಾಸ್ತ್ರವನ್ನು ಅಭ್ಯಾಸಮಾಡಿದನು. ವ್ಯಾಸಂಗ ಮುಗಿಸಿ ಬರ್ಲಿನ್ನಿನ ಸಮೀಪದ ಎಬರ್ಸ್‌ವಾಲ್ಡ್ ಎಂಬ ಪಟ್ಟಣದ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯಕೀಯದ ತರಬೇತಿಗಾಗಿ ನಿಂತನು.

ಆ ಕಾಲದಲ್ಲಿ ರೋಗಿಯ ಹೃದಯ ಇದ್ದಕ್ಕಿದ್ದಂತೆ ಕುಸಿದರೆ, ವೈದ್ಯರು ಉದ್ದನೆಯ ಸೂಜಿಯನ್ನು ಎದೆಯ ಮೂಲಕ ನೇರವಾಗಿ ಹೃದಯಕ್ಕೆ ಚುಚ್ಚಿ ಮದ್ದನ್ನು ಸೇರಿಸುತ್ತಿದ್ದರು. ಪ್ರಾಣ ಉಳಿಸುವ ಈ ಸೂಜಿಯೇ ಎಷ್ಟೋ ವೇಳೆ ಪ್ರಾಣಕ್ಕೆ ಸಂಚಕಾರ ತರಬಲ್ಲುದಾಗಿತ್ತು. ಹೃದಯದ ಮೈಮೇಲೆ ಹರಿಯುವ ಸೂಕ್ಷ್ಮ ರಕ್ತನಾಳಕ್ಕೆ ಸೂಜಿ ತಾಗಿದರೆ ರಕ್ತ ಸೋರತೊಡಗುತ್ತದೆ. ಹೃದಯವನ್ನು ಸುತ್ತಿಕೊಂಡಿರುವ ಹೃದಯಾವರಣವೆಂಬ ಚೀಲ ಬೇಗನೆ ಹಿಗ್ಗುವಂಥದಲ್ಲ. ಸೋರಿದ ರಕ್ತ ಅದರೊಳಗೆ ಸೇರಿಕೊಂಡರೆ ಹೃದಯ ಹೊರಗಿನಿಂದ ಅದುಮಲ್ಪಡುತ್ತದೆ. ಅರಳಲು ಎಡೆಯಿಲ್ಲದೆ, ರಕ್ತ ತುಂಬಿಕೊಳ್ಳಲಾರದೆ, ಕೊನೆಗೆ ನಿಂತೇ ಹೋಗುತ್ತದೆ. ಈ ಅಪಾಯ ತರುಣ ವೈದ್ಯನ ಮನಸ್ಸನ್ನು ಕೊರೆಯತೊಡಗಿತು. ಹೃದಯಕ್ಕೆ ಗಾಯಮಾಡದೆ ಅದರೊಳಕ್ಕೆ ಮದ್ದನ್ನು ಕಳುಹಿಸಲು ಸಾಧ್ಯವಿಲ್ಲವೇ ಎಂದು ಅವನು ಆಲೋಚಿಸಿದನು.

ಉತ್ತರ ಹೊಳೆದದ್ದು ಹಳೆಯ ಪಠ್ಯಪುಸ್ತಕವೊಂದರ ಚಿತ್ರದಿಂದ. 1861ರ ವೇಳೆಗೆ ಫ್ರಾನ್ಸಿನ ಶೋವೋ ಮತ್ತು ಮಾರೇ ಎಂಬ ವಿಜ್ಞಾನಿಗಳು ಕುದುರೆಯ ಕೊರಳಿನ ಅಭಿಧಮನಿಯಲ್ಲಿ ನಳಿಕೆಯನ್ನು ತೂರಿಸಿ, ಹೃದಯದೊಳಗಿನ ಒತ್ತಡವನ್ನು ಅಳೆದಿದ್ದರು. ಕುದುರೆಗೆ ಅದರಿಂದ ಹಾನಿಯಾಗಿರಲಿಲ್ಲ. ದೇಹದ ಅಭಿಧಮನಿಗಳೆಲ್ಲವೂ ಕೊನೆಗೆ ಹೃದಯವನ್ನೇ ಸೇರುತ್ತವೆ. ಹೊಳೆಯ ಜಾಡು ಹಿಡಿದವನು ಕಡಲನ್ನು ಮುಟ್ಟುವಂತೆ, ಅಭಿಧಮನಿಯ ಜಾಡು ಹಿಡಿದ ನಳಿಕೆ ಹೃದಯವನ್ನು ಮುಟ್ಟಲೇಬೇಕು. ಕುದುರೆಯಲ್ಲಿ ಸಾಧ್ಯವಾದದ್ದು ಮನುಷ್ಯನಲ್ಲಿ ಏಕೆ ಸಾಧ್ಯವಾಗಬಾರದು? ಕೊರಳಿಗೆ ಬದಲಾಗಿ ಮೊಣಕೈಯ ಮಡಿಕೆಯಲ್ಲಿರುವ ಅಭಿಧಮನಿಯನ್ನು ಫೋರ್ಸ್‌ಮನ್ನನು ಆರಿಸಿಕೊಂಡನು.

ಆಸ್ಪತ್ರೆಯ ಮುಖ್ಯ ವೈದ್ಯ ರಿಚರ್ಡ್ ಷ್ನೈಡರನು ಇದನ್ನು ಕೇಳಿ ಗಾಬರಿಗೊಂಡನು. ರೋಗಿಗಳ ಮೇಲೆ ಈ ಪ್ರಯೋಗ ಕೂಡದು, ತನ್ನ ಮೇಲೆಯೇ ಮಾಡಿಕೊಳ್ಳುವುದೂ ಕೂಡದು ಎಂದು ನಿಷೇಧಿಸಿದನು. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ತಾಯಿಯೊಬ್ಬಳ ಮಗನ ಜೀವವನ್ನು ಅಪಾಯಕ್ಕೆ ಒಡ್ಡಲು ಅವನಿಗೆ ಮನಸ್ಸಾಗಲಿಲ್ಲ. ಆದರೆ ಫೋರ್ಸ್‌ಮನ್ನನು ಹಿಡಿದ ಹಟವನ್ನು ಬಿಡುವವನಲ್ಲ. ಉಪಕರಣಗಳ ಬೀಗದ ಕೈ ಗೆರ್ಡಾ ಡಿಟ್ಸೆನ್ ಎಂಬ ದಾದಿಯ ವಶದಲ್ಲಿತ್ತು. ಅವನು ಅವಳಿಗೆ ತನ್ನ ವಿಚಾರವನ್ನು ವಿವರಿಸಿದನು. ಧೈರ್ಯಶಾಲಿಯಾದ ಆ ಹೆಣ್ಣುಮಗಳು ಪ್ರಯೋಗಕ್ಕೆ ತನ್ನ ದೇಹವನ್ನೇ ಒಡ್ಡಲು ಮುಂದೆ ಬಂದಳು.

1929ರ ಒಂದು ಮಧ್ಯಾಹ್ನ, ಎಲ್ಲರೂ ವಿಶ್ರಮಿಸುತ್ತಿದ್ದ ವೇಳೆ, ಇಬ್ಬರೂ ಶಸ್ತ್ರಚಿಕಿತ್ಸೆಯ ಕೊಠಡಿಯನ್ನು ಸೇರಿದರು. ಮುಂದೆ ನಡೆದುದನ್ನು ಫೋರ್ಸ್‌ಮನ್ನನೇ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ದಾದಿಯನ್ನು ಮೇಜಿನ ಮೇಲೆ ಮಲಗಿಸಿ, ಅವಳ ಕೈಕಾಲುಗಳನ್ನು ಕಟ್ಟಿ, ಅವಳ ಕೈಯನ್ನು ಸಿದ್ಧಗೊಳಿಸುವಂತೆ ನಟಿಸುತ್ತ, ಅವನು ತನ್ನ ಎಡಗೈಯ ಮಡಿಕೆಯನ್ನು ಮದ್ದಿನಿಂದ ಮರಗಟ್ಟಿಸಿಕೊಂಡನು. ಬಳಿಕ ಚರ್ಮವನ್ನು ಕೊಯ್ದು, ಅಭಿಧಮನಿಯನ್ನು ತೆರೆದು, ಮೂತ್ರನಾಳದ ಪರೀಕ್ಷೆಗೆ ಬಳಸುವ ಕ್ಯಾಥೆಟರ್ ಎಂಬ ತೆಳುವಾದ ನಳಿಕೆಯನ್ನು ಒಳಕ್ಕೆ ತೂರಿಸಿದನು. ನಿಜ ತಿಳಿದಾಗ ದಾದಿ ಕೋಪದಿಂದ ಕಿಡಿಕಿಡಿಯಾದಳು. ಆದರೂ ಕಟ್ಟು ಬಿಚ್ಚಿದ ಮೇಲೆ ಅವನ ನೆರವಿಗೆ ನಿಂತಳು. ತೋಳಿನಲ್ಲಿ ನಳಿಕೆಯನ್ನು ಇಟ್ಟುಕೊಂಡೇ ಅವನು ಮೆಟ್ಟಿಲುಗಳನ್ನಿಳಿದು ಕ್ಷ-ಕಿರಣದ ಕೊಠಡಿಗೆ ನಡೆದನು. ಎದುರಿಗೆ ಹಿಡಿದ ಕನ್ನಡಿಯಲ್ಲಿ ತೆರೆಯ ಮೇಲಿನ ನೆರಳನ್ನು ನೋಡುತ್ತ ನಳಿಕೆಯನ್ನು ಮುಂದಕ್ಕೆ ತಳ್ಳಿದನು. ಒಳಗೆ ಅಷ್ಟಿಷ್ಟು ಬಿಸಿಯಾದಂತೆ ಭಾಸವಾಯಿತು, ಕೆಮ್ಮು ಬಂದಂತಾಯಿತು, ನೋವು ಮಾತ್ರ ಇಲ್ಲ. 65 ಸೆಂಟಿಮೀಟರಿನಷ್ಟು ಒಳಸರಿದ ನಳಿಕೆಯ ತುದಿ ಹೃದಯದ ಬಲಭಾಗದಲ್ಲಿ ನಿಂತಿತು. ಆ ನೋಟವನ್ನು ಕ್ಷ-ಕಿರಣದ ಚಿತ್ರವಾಗಿ ತೆಗೆಸಿ, ಸಾಕ್ಷಿಯಾಗಿ ಇಟ್ಟುಕೊಂಡನು. ಆಗ ಅವನಿಗೆ ಇಪ್ಪತ್ತೈದರ ಆಸುಪಾಸು.

ಷ್ನೈಡರನು ಮೊದಲು ಸಿಟ್ಟಾದರೂ ಚಿತ್ರವನ್ನು ನೋಡಿ ಇದರ ಮಹತ್ತ್ವವನ್ನು ಅರಿತನು. ಬದುಕುವ ಭರವಸೆಯೇ ಇಲ್ಲದಿದ್ದ ರೋಗಿಯೊಬ್ಬಳಿಗೆ ಇದೇ ಮಾರ್ಗದಿಂದ ಮದ್ದು ಕೊಡಲಾಯಿತು. ಅವಳಲ್ಲಿ ತಾತ್ಕಾಲಿಕವಾಗಿ ಚೇತರಿಕೆ ಕಂಡುಬಂದಿತು. ಅದೇ ವರ್ಷದ ನವೆಂಬರ್‌ನಲ್ಲಿ ಈ ಪ್ರಯೋಗದ ವಿವರ ಜರ್ಮನ್ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಆದರೆ ತರುಣನಿಗೆ ದೊರೆತದ್ದು ಗೌರವವಲ್ಲ, ತಿರಸ್ಕಾರ. ಬರ್ಲಿನ್ನಿನ ಹೆಸರಾಂತ ಷಾರಿಟೇ ಆಸ್ಪತ್ರೆಯಲ್ಲಿ ಸೌವರ್‌ಬ್ರುಕ್ ಎಂಬ ಪ್ರಸಿದ್ಧ ಶಸ್ತ್ರವೈದ್ಯನ ಕೈಕೆಳಗೆ ಅವನಿಗೆ ದೊರೆತ ಸ್ಥಾನ ನಿಲ್ಲಲಿಲ್ಲ. ಹೃದಯದ ಚಿತ್ರ ಸ್ಪಷ್ಟವಾಗಿ ಮೂಡುವಂತೆ ಮಾಡುವ ದ್ರವವನ್ನು ನಳಿಕೆಯ ಮೂಲಕ ಹರಿಸುವ ಪ್ರಯೋಗವನ್ನೂ ಅವನು ನಾಯಿಗಳ ಮೇಲೆ, ಬಳಿಕ ತನ್ನ ಮೇಲೆ ನಡೆಸಿದನು. ಯಾರ ಪ್ರೋತ್ಸಾಹವೂ ಇಲ್ಲದೆ ಕೊನೆಗೆ ಹೃದಯದ ಗೊಡವೆಯನ್ನೇ ಬಿಟ್ಟು, ಮೂತ್ರಾಂಗಗಳ ಶಸ್ತ್ರವೈದ್ಯನಾದನು. 1933ರಲ್ಲಿ ಎಲ್ಸ್‌ಬೆಟ್ ಎಂಬ ವೈದ್ಯೆಯನ್ನು ವಿವಾಹವಾದನು. ಅವರಿಗೆ ಆರು ಮಂದಿ ಮಕ್ಕಳು.

ಈ ಬಾಳಿನಲ್ಲಿ ಮರೆಮಾಚಲಾಗದ ಕಲೆಯೊಂದು ಉಂಟು. 1932ರಲ್ಲಿ ಫೋರ್ಸ್‌ಮನ್ನನು ಹಿಟ್ಲರನ ನಾತ್ಸಿ ಪಕ್ಷದ ಸದಸ್ಯನಾದನು. ಲಕ್ಷಾಂತರ ನಿರಪರಾಧಿಗಳ ರಕ್ತ ಹರಿಸಿದ ಪಕ್ಷ ಅದು. ಒಂದು ತೊಟ್ಟು ರಕ್ತ ಸೋರದೆ ಹೃದಯವನ್ನು ತಲುಪಲು ಹಂಬಲಿಸಿದ ವೈದ್ಯನು ಅಂಥ ಪಕ್ಷವನ್ನು ಸೇರಿದ್ದು ವಿಷಾದದ ಸಂಗತಿ. ಎರಡನೆಯ ಮಹಾಯುದ್ಧದಲ್ಲಿ ಅವನು ಸೈನ್ಯದ ವೈದ್ಯನಾಗಿ ದುಡಿದು, ಯುದ್ಧದ ಕೊನೆಯಲ್ಲಿ ಸೆರೆ ಸಿಕ್ಕನು. ಬಿಡುಗಡೆಯಾದ ಮೇಲೂ ಪಕ್ಷದ ಸದಸ್ಯನಾಗಿದ್ದ ಕಾರಣ ಕೆಲವು ವರ್ಷ ವೈದ್ಯವೃತ್ತಿಗೆ ಅನುಮತಿ ದೊರೆಯಲಿಲ್ಲ. ಹೆಂಡತಿಯ ದುಡಿಮೆ ಸಂಸಾರಕ್ಕೆ ಆಸರೆಯಾಯಿತು. 1950ರಿಂದ ಬಾಡ್ ಕ್ರಾಯ್ಟ್ಸ್‌ನಾಖ್ ಎಂಬ ಪಟ್ಟಣದಲ್ಲಿ ಅವನು ಸಾಮಾನ್ಯ ವೈದ್ಯರಲ್ಲೊಬ್ಬನಾಗಿ ದಿನ ಕಳೆಯತೊಡಗಿದನು.

ಇತ್ತ ಅಮೆರಿಕದಲ್ಲಿ ಅವನ ಹಳೆಯ ಲೇಖನ ಸತ್ತಿರಲಿಲ್ಲ. ನ್ಯೂಯಾರ್ಕ್ ನಗರದ ಬೆಲ್‌ವ್ಯೂ ಆಸ್ಪತ್ರೆಯ ಆಂದ್ರೇ ಕೂರ್ನಾನ್ ಮತ್ತು ಡಿಕಿನ್ಸನ್ ರಿಚರ್ಡ್ಸ್ ಅದನ್ನು ಓದಿ, ಆ ಮಾರ್ಗವನ್ನು ವರ್ಷಗಟ್ಟಲೆ ಶೋಧಿಸಿ, ತಿದ್ದಿ, ನಿರಪಾಯಕರವಾಗಿಸಿದರು. 1940ರ ದಶಕದಲ್ಲಿ ನಳಿಕೆಯ ಮೂಲಕ ಹೃದಯದೊಳಗಿನ ಒತ್ತಡವನ್ನೂ ರಕ್ತದಲ್ಲಿನ ಆಮ್ಲಜನಕವನ್ನೂ ಅಳೆದು, ಹೃದಯದ ದೋಷಗಳನ್ನು ಗುರುತಿಸುವುದು ಸಾಧ್ಯವಾಯಿತು. 1956ರಲ್ಲಿ ಈ ಮೂವರಿಗೂ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಪ್ರಯೋಗ ನಡೆದು ಇಪ್ಪತ್ತೇಳು ವರ್ಷಗಳ ಮೇಲೆ ಬಂದ ಮನ್ನಣೆ ಅದು. 1958ರಲ್ಲಿ ಫೋರ್ಸ್‌ಮನ್ನನು ಡ್ಯುಸೆಲ್‌ಡಾರ್ಫ್ ನಗರದ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥನಾದನು. 1979ರ ಜೂನ್ 1ರಂದು ಷೋಪ್‌ಹೈಮ್ ಎಂಬಲ್ಲಿ ತೀರಿಕೊಂಡನು. ಅವನ ಸಾವಿಗೆ ಕಾರಣವಾದದ್ದೂ ಹೃದಯದ ಬೇನೆಯೇ.

ಅವನು ತೆರೆದ ದಾರಿ ಇಂದು ಹೆದ್ದಾರಿಯಾಗಿದೆ. 1977ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುನ್‌ಟ್ಸಿಗ್ ಎಂಬ ವೈದ್ಯನು ನಳಿಕೆಯ ತುದಿಗೆ ಪುಟ್ಟ ಬಲೂನನ್ನು ಜೋಡಿಸಿ, ಕಿರಿದಾಗಿದ್ದ ಹೃದಯದ ಅಪಧಮನಿಯನ್ನು ಹಿಗ್ಗಿಸಿದನು. ಇಂಥ ಚಿಕಿತ್ಸೆಯ ವೇಳೆ ಅಪರೂಪಕ್ಕೆ ಅಪಧಮನಿಯಲ್ಲಿ ರಂಧ್ರವಾಗಿ ರಕ್ತ ಸೋರುವುದುಂಟು. ಆಗ ರಕ್ಷಣೆಗೆ ಬರುವುದೂ ನಳಿಕೆಯೇ. ಅದರ ತುದಿಯ ಬಲೂನನ್ನು ರಂಧ್ರವಿರುವೆಡೆ ಉಬ್ಬಿಸಿದರೆ ಅದು ಒಳಗಿನಿಂದ ಒತ್ತಿ ಹಿಡಿದು ಸೋರಿಕೆಯನ್ನು ತಡೆಯುತ್ತದೆ. ಅದರಿಂದಲೂ ನಿಲ್ಲದಿದ್ದರೆ, ತೆಳುವಾದ ಪೊರೆ ಹೊದಿಸಿದ ಲೋಹದ ಜಾಲರಿಯ ಪುಟ್ಟ ಕೊಳವೆಯನ್ನು ಅಲ್ಲಿ ನೆಲೆಗೊಳಿಸಿ ರಂಧ್ರವನ್ನು ಮುಚ್ಚುತ್ತಾರೆ. ಹೃದಯಾವರಣದಲ್ಲಿ ಸೇರಿಕೊಂಡ ರಕ್ತವನ್ನು ಹೊರಗೆಳೆಯಲು ಬಳಸುವುದೂ ಇನ್ನೊಂದು ನಳಿಕೆಯನ್ನೇ. ಎಷ್ಟೋ ರೋಗಿಗಳಿಗೆ ಎದೆಯನ್ನು ತೆರೆಯುವ ಪ್ರಮೇಯವೇ ಬರುವುದಿಲ್ಲ. ಸೂಜಿಯಿಂದ ಆಗುವ ರಕ್ತಸ್ರಾವವನ್ನು ತಪ್ಪಿಸಲೆಂದು ತರುಣನೊಬ್ಬ ಹುಡುಕಿದ ದಾರಿ, ರಕ್ತಸ್ರಾವವನ್ನೇ ನಿಲ್ಲಿಸುವ ಸಾಧನಗಳಿಗೂ ದಾರಿಯಾಯಿತು.

ಫೋರ್ಸ್‌ಮನ್ನನ ಬಾಳು ಆದರ್ಶಗಳ ಸರಮಾಲೆಯಲ್ಲ. ಅವನು ಹಿರಿಯರ ಅಪ್ಪಣೆಯನ್ನು ಮೀರಿದನು, ನಂಬಿದವಳನ್ನು ವಂಚಿಸಿದನು, ರಾಜಕೀಯದಲ್ಲಿ ದಾರಿ ತಪ್ಪಿದನು. ಇಂದಿನ ನಿಯಮಗಳು ಅಂಥ ಗುಟ್ಟಿನ ಪ್ರಯೋಗಕ್ಕೆ ಎಡೆಗೊಡುವುದಿಲ್ಲ, ಎಡೆಗೊಡಲೂಬಾರದು. ಆದರೆ ತನ್ನ ಊಹೆ ಸುಳ್ಳಾದರೆ ಅದರ ಬೆಲೆಯನ್ನು ಮತ್ತೊಬ್ಬರು ತೆರಬಾರದು, ತಾನೇ ತೆರಬೇಕು ಎಂದು ಅವನು ಅಂದು ನಿರ್ಧರಿಸಿದನು. ಆ ಒಂದು ಮಧ್ಯಾಹ್ನದ ದಿಟ್ಟತನದ ಫಲವನ್ನು, ಅವನ ಹೆಸರನ್ನೇ ಕೇಳದ ಅಸಂಖ್ಯಾತ ರೋಗಿಗಳು ದೇಶದೇಶಗಳಲ್ಲಿ ಇಂದು ಅನುಭವಿಸುತ್ತಿದ್ದಾರೆ.