ಮನೆಯೊಳಗಿನ ಕಾಮನಬಿಲ್ಲು: ಸಿ. ವಿ. ರಾಮನ್ ಬದುಕಿನಿಂದ ಒಂದು ಪಾಠ

ಬೆಳಕಿನ ಘಟಕವನ್ನು ಆರಿಸಿಕೊಂಡು ಬೋಧನಾಭ್ಯಾಸಕ್ಕೆ ಹೊರಡುವ ಪ್ರಶಿಕ್ಷಣಾರ್ಥಿಗಳಿಗೆ ನಾನು ಮೊದಲು ಹೇಳುವುದು ಸಿ. ವಿ. ರಾಮನ್ ಅವರ ಬದುಕನ್ನು. ಏಳು ಬಣ್ಣಗಳ ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸಿದರೆ ಪಾಠಯೋಜನೆ ಮುಗಿಯುತ್ತದೆ, ಆದರೆ ಮಕ್ಕಳು ಬಿಸಿಲನ್ನು ನೋಡಿರುವುದೇ ಇಲ್ಲ. ರಾಮನ್ ನೋಡುವುದರಿಂದಲೇ ಆರಂಭಿಸಿದವರು.

ಅವರು ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಗಣಿತ ಮತ್ತು ಭೌತವಿಜ್ಞಾನದ ಅಧ್ಯಾಪಕರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುವಾಗ ಪಟ್ಟಕದ ಕೋನವನ್ನು ಅಳೆಯುವ ಪ್ರಯೋಗ ಅವರ ಪಾಲಿಗೂ ಬಂತು. ಎಲ್ಲರೂ ಮಾಡಿ ದಾಖಲೆ ಪುಸ್ತಕದಲ್ಲಿ ಬರೆದು ಮರೆಯುವ ಪ್ರಯೋಗ ಅದು. ಪಟ್ಟಕದ ಮುಖದಿಂದ ಓರೆಯಾಗಿ ಪ್ರತಿಫಲಿಸಿದ ಬೆಳಕಿನಲ್ಲಿ ರಾಮನ್ ಅವರಿಗೆ ಸಮನಾಗಿಲ್ಲದ ಪಟ್ಟಿಗಳು ಕಂಡವು. ಕೇಳಿರದ ಪ್ರಶ್ನೆಗೆ ಅವರು ಉತ್ತರ ಹುಡುಕಿದರು. ಆ ಲೇಖನ 1906ರಲ್ಲಿ ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜಿನ್‌ನಲ್ಲಿ ಅಚ್ಚಾದಾಗ ಅವರಿಗೆ ಹದಿನೆಂಟರ ಪ್ರಾಯ.

1907ರಲ್ಲಿ ಹಣಕಾಸು ಇಲಾಖೆಯ ನೌಕರಿ ಹಿಡಿದು ಕಲ್ಕತ್ತೆಗೆ ಹೋದರು. ಕಚೇರಿಗೆ ಮುಂಚೆ ಮತ್ತು ಕಚೇರಿ ಬಿಟ್ಟ ಮೇಲೆ ಅಲ್ಲಿನ ವಿಜ್ಞಾನ ಸಂಘದ ಪ್ರಯೋಗಾಲಯದಲ್ಲಿ ದುಡಿದರು. 1917ರಲ್ಲಿ ಹೆಚ್ಚು ಸಂಬಳದ ಆ ಹುದ್ದೆ ಬಿಟ್ಟು ಪ್ರಾಧ್ಯಾಪಕರಾದರು. 1921ರಲ್ಲಿ ಯುರೋಪಿಗೆ ಹಡಗಿನಲ್ಲಿ ಹೋಗಿಬರುವಾಗ ಕಡಲಿನ ನೀಲಿ ಅವರ ಮನಸ್ಸನ್ನು ಹಿಡಿಯಿತು. ಅದು ಆಕಾಶದ ಪ್ರತಿಬಿಂಬ ಮಾತ್ರ ಎಂಬ ನಂಬಿಕೆ ಆಗಿತ್ತು. ನಿಕಾಲ್ ಪಟ್ಟಕದ ಮೂಲಕ ನೀರಿನ ಮೇಲ್ಮೈಯ ಪ್ರತಿಫಲನವನ್ನು ತಡೆದು ನೋಡಿದರು. ನೀಲಿ ಉಳಿದೇ ಇತ್ತು. ನೀರೇ ಬೆಳಕನ್ನು ಚದುರಿಸುತ್ತದೆ ಎಂದು ಖಚಿತವಾಯಿತು.

ಇಲ್ಲಿ ನ್ಯೂಟನ್‌ರನ್ನು ನೆನೆಯಬೇಕು. ಕತ್ತಲೆ ಕೋಣೆಗೆ ಸಣ್ಣ ರಂಧ್ರದಿಂದ ಬಿಸಿಲು ಬಿಟ್ಟು, ಪಟ್ಟಕದಿಂದ ಅದನ್ನು ಬಣ್ಣಗಳಾಗಿ ಬಿಡಿಸಿದವರು ಅವರು. ಒಂದೇ ಬಣ್ಣವನ್ನು ಎರಡನೆಯ ಪಟ್ಟಕದಲ್ಲಿ ಹಾಯಿಸಿದರೆ ಅದು ಬದಲಾಗಲಿಲ್ಲ. ಅಂದರೆ ಪಟ್ಟಕ ಬಣ್ಣವನ್ನು ತಯಾರಿಸುವುದಿಲ್ಲ, ಬಿಸಿಲಿನಲ್ಲಿ ಇರುವುದನ್ನು ಬೇರ್ಪಡಿಸುತ್ತದೆ.

1928ರಲ್ಲಿ ರಾಮನ್, ಕೆ. ಎಸ್. ಕೃಷ್ಣನ್ ಅವರೊಡನೆ, ಬಿಸಿಲನ್ನೇ ಮಸೂರದಿಂದ ಒಟ್ಟುಗೂಡಿಸಿ, ನೀಲಿ-ನೇರಳೆ ಶೋಧಕದ ಮೂಲಕ ದ್ರವಕ್ಕೆ ಬಿಟ್ಟರು. ಆ ಬಣ್ಣವನ್ನು ಪೂರ್ತಿ ತಡೆಯುವ ಇನ್ನೊಂದು ಶೋಧಕವನ್ನು ಕಣ್ಣಿನ ಮುಂದೆ ಹಿಡಿದರು. ಏನೂ ಕಾಣಬಾರದಿತ್ತು, ಆದರೂ ಮಸುಕಾದ ಬೆಳಕಿನ ಜಾಡು ಕಂಡಿತು. ಚದುರಿದ ಬೆಳಕಿನ ಅತ್ಯಲ್ಪ ಭಾಗ ತನ್ನ ಬಣ್ಣವನ್ನೇ ಬದಲಿಸಿತ್ತು. ಫೆಬ್ರವರಿ 28 ಈ ಶೋಧದ ದಿನ. ಅದರ ಪೂರ್ಣ ವಿವರವನ್ನು ಅವರು ಮಾರ್ಚ್ 16ರಂದು ಸಭೆಯ ಮುಂದಿಟ್ಟದ್ದು ನಮ್ಮ ಬೆಂಗಳೂರಿನಲ್ಲಿ, ಸೆಂಟ್ರಲ್ ಕಾಲೇಜಿನಲ್ಲಿ. ಅವೆನ್ಯೂ ರಸ್ತೆಯ ತುದಿಯಲ್ಲಿರುವ ಮೈಸೂರು ಬ್ಯಾಂಕ್ ವೃತ್ತದಿಂದ ಅಲ್ಲಿಗೆ ಕೆಲವೇ ನಿಮಿಷಗಳ ನಡಿಗೆ. 1930ರಲ್ಲಿ ನೊಬೆಲ್ ಬಂತು, 1933ರಲ್ಲಿ ಅವರು ಟಾಟಾ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿ ಬೆಂಗಳೂರಿಗೇ ಬಂದರು. 1948ರಿಂದ ತಮ್ಮದೇ ಸಂಶೋಧನಾ ಸಂಸ್ಥೆಯಲ್ಲಿ ಚಿಟ್ಟೆ, ಚಿಪ್ಪು, ಹರಳುಗಳ ಬಣ್ಣಗಳನ್ನು ನೋಡುತ್ತಲೇ ಇದ್ದು, 1970ರ ನವೆಂಬರ್ 21ರಂದು ತೀರಿಕೊಂಡರು.

ಈ ಬದುಕನ್ನು ತರಗತಿಗೆ ಒಯ್ಯುವುದು ಹೇಗೆ? ಅವೆನ್ಯೂ ರಸ್ತೆಯ ಗಲ್ಲಿಗಳಲ್ಲಿ ಅಂಗಡಿಗಳ ಮೇಲಿನ ಮನೆಗಳಿಗೆ ಬಿಸಿಲು ಬರುವುದು ಸ್ವಲ್ಪ ಹೊತ್ತು ಮಾತ್ರ, ಆದರೆ ಅಷ್ಟು ಸಾಕು. ಕಿಟಕಿಯ ಬಿಸಿಲಿನಲ್ಲಿ ಒಂದು ಅಗಲ ಪಾತ್ರೆಯಲ್ಲಿ ನೀರಿಟ್ಟು, ಅದರೊಳಗೆ ಸಣ್ಣ ಕನ್ನಡಿಯನ್ನು ಓರೆಯಾಗಿ ನಿಲ್ಲಿಸಲಿ. ನೀರಿನೊಳಗಿನ ಕನ್ನಡಿಯ ಮೇಲೆ ಬಿದ್ದ ಬಿಸಿಲು ಗೋಡೆಯ ಮೇಲೆ ಕಾಮನಬಿಲ್ಲಿನ ಬಣ್ಣ ಮೂಡಿಸುತ್ತದೆ. ನೀರು ಮತ್ತು ಕನ್ನಡಿ ಸೇರಿ ಪಟ್ಟಕದ ಕೆಲಸ ಮಾಡುತ್ತವೆ. ನೀರಿನ ವಕ್ರೀಭವನ ಸೂಚ್ಯಂಕ ಕೆಂಪಿಗೆ ಸುಮಾರು 1.33, ನೇರಳೆಗೆ ಸುಮಾರು 1.34. ಇಷ್ಟೇ ವ್ಯತ್ಯಾಸದಿಂದ ನೇರಳೆ ಹೆಚ್ಚು ಬಾಗಿ ದೂರ ಸರಿಯುತ್ತದೆ. ಬೆರಳಿನಿಂದ ನೀರು ಕಲಕಿದರೆ ಬಣ್ಣಗಳು ಬೆರೆತು ಮತ್ತೆ ಬಿಳಿಯಾಗುತ್ತವೆ. ಸೂರ್ಯನನ್ನು ನೇರವಾಗಿ ನೋಡಬಾರದು, ಕನ್ನಡಿಯ ಬೆಳಕನ್ನು ಯಾರ ಕಣ್ಣಿಗೂ ಬಿಡಬಾರದು ಎಂದು ಮೊದಲೇ ಎಚ್ಚರಿಸಬೇಕು.

ಗೋಡೆಯ ಮೇಲಿನ ಈ ಬಣ್ಣಗಳೇ ರಾಮನ್ ಪರಿಣಾಮ ಎಂದು ಯಾವ ವಿದ್ಯಾರ್ಥಿಯೂ ತಿಳಿಯಬಾರದು. ಇದು ನ್ಯೂಟನ್ ತೋರಿಸಿದ ವಿಂಗಡಣೆ. ರಾಮನ್ ಕಂಡದ್ದು ಬದಲಾವಣೆ. ಸಿ.ಡಿ. ತಟ್ಟೆಯ ಬಣ್ಣಗಳು ಇವೆರಡೂ ಅಲ್ಲ, ಅವು ವಿವರ್ತನೆಯಿಂದ ಬರುವಂಥವು. ಆದ್ದರಿಂದ ಪ್ರತಿ ಪ್ರಯೋಗದಲ್ಲೂ ಒಳಗೆ ಹೋದದ್ದು ಯಾವ ಬೆಳಕು, ಹೊರಗೆ ಬಂದದ್ದು ಯಾವ ಬೆಳಕು ಎಂದು ಕೇಳಿ, ಉತ್ತರವನ್ನು ಮಕ್ಕಳೇ ನೋಡಿ ಹೇಳುವವರೆಗೆ ಕಾಯಿರಿ. ನನ್ನ ವೀಕ್ಷಣಾ ಪಟ್ಟಿಯಲ್ಲಿ ಅಂಕ ಇರುವುದು ಆ ಕಾಯುವಿಕೆಗೆ.